ವಿಮಾನವೇಕೆ ಇಳಿಯಲಿಲ್ಲ ಎಂದು ಕೇಳುತ್ತಿದ್ದವರು

ಪಿರಿಯಾಪಟ್ಟಣದಿಂದ ಹಳೆಯ ಸಹೋದ್ಯೋಗಿಯೊಬ್ಬರು ಫೋನ್ ಮಾಡಿ ಊರಿನ ಸುದ್ದಿಯನ್ನೆಲ್ಲ ಹೇಳಿ ಮುಗಿಸಿದ ಮೇಲೆ, ಮರೆತದ್ದನ್ನು ನೆನಪಿಸಿಕೊಂಡವರಂತೆ, "ಬೂತಣ್ಣ ತೀರ್ಕಂಡ್ರು ಕಣ್ರೀ" ಎಂದರು. ಹಾರನಹಳ್ಳಿ ಕಡೆಯ ತಮ್ಮ ಊರಿನಲ್ಲಿ, ಬೆಳಗಿನ ಕಾಫಿ ಕುಡಿದು ಜಗಲಿಯ ಮೇಲೆ ಕೂತಿದ್ದವರು ಹಾಗೇ ಗೋಡೆಗೆ ಒರಗಿದರಂತೆ. ಮೊಬೈಲು ಬಂದು ಬೂತು ಮುಚ್ಚಿ ಆಗಲೇ ಕೆಲವು ವರ್ಷಗಳಾಗಿದ್ದವು. ಬೂತು ಹೋದರೂ ಆ ಹೆಸರು ಹೋಗಿರಲಿಲ್ಲ. ಅಪ್ಪ ಅಮ್ಮ ಇಟ್ಟ ಹೆಸರೊಂದು ಅವರಿಗೆ ಇತ್ತು. ಆ ಹೆಸರಿನಿಂದ ಕರೆದವರನ್ನು ನಾನು ಕಾಣೆ. ನಾನೂ ಇಲ್ಲಿ ಕರೆಯುವುದಿಲ್ಲ.

ತೊಂಬತ್ತರ ದಶಕದ ಕೊನೆಯಲ್ಲಿ ನನಗೆ ಪಿರಿಯಾಪಟ್ಟಣದ ಬ್ಯಾಂಕಿಗೆ ವರ್ಗವಾಯಿತು. ಹೆಂಡತಿ ಹಾಸನದಲ್ಲಿ ಟೀಚರು. ಅವಳೊಡನೆ ಸಂಜೆ ಹೊತ್ತು ಮಾತಾಡಲು ನನಗಿದ್ದ ದಾರಿಯೆಂದರೆ ಬಸ್ ನಿಲ್ದಾಣದ ಎದುರಿನ ಎಸ್‌ಟಿಡಿ ಬೂತು. ಹಾಗೆ ಅವರ ಪರಿಚಯವಾಯಿತು. ಎತ್ತರದ ಆಳು, ಸ್ವಲ್ಪ ಬಾಗಿದ ಬೆನ್ನು, ಹೆಗಲ ಮೇಲೆ ಚೌಕಳಿ ಟವಲು. ಒಬ್ಬರು ಮಾತಾಡಿ ಹೋದ ಮೇಲೆ ರಿಸೀವರನ್ನು ಆ ಟವಲಿನಿಂದ ಒರೆಸಿ, ಒಮ್ಮೆ ಊದಿ, ಆಮೇಲೆ ಮುಂದಿನವರ ಕೈಗೆ ಕೊಡುವರು. ಗಾಜಿನ ಗೂಡಿನೊಳಗೆ ಯಾರಾದರೂ ಮಾತಾಡುತ್ತಿದ್ದರೆ ಬೇಕೆಂದೇ ರಸ್ತೆಯ ಕಡೆಗೆ ಮುಖ ತಿರುಗಿಸುವರು. ಹಾಗಿದ್ದೂ ಒಳಗಿನವರಿಗೆ ಕೆಟ್ಟ ಸುದ್ದಿ ಬಂದರೆ ಅದು ಅವರಿಗೆ ಹೇಗೋ ತಿಳಿಯುತ್ತಿತ್ತು. ಬಾಗಿಲು ತೆರೆಯುವಷ್ಟರಲ್ಲಿ ಸ್ಟೂಲು ಎಳೆದಿಟ್ಟು ನೀರಿನ ಲೋಟ ಹಿಡಿದು ನಿಂತಿರುತ್ತಿದ್ದರು.

ಬೂತಿನ ಬೋರ್ಡನ್ನು ನೋಡಿ ನಕ್ಕವರೇ ಹೆಚ್ಚು. ಮೈಸೂರಿನ ಏಜೆಂಟರೊಬ್ಬರ ಮೂಲಕ ಅವರು ವಿಮಾನದ ಟಿಕೆಟ್ಟನ್ನೂ ಮಾಡಿಸಿ ಕೊಡುತ್ತಿದ್ದರು. ಟಿಕೆಟ್ಟು ಸಂಜೆಯ ಬಸ್ಸಿನಲ್ಲಿ ಕಂಡಕ್ಟರ ಕೈಯಲ್ಲಿ ಬರುತ್ತಿತ್ತು. ದೆಹಲಿಗೆ ಹೋಗುವ ಟಿಬೆಟಿಯನ್ ಕ್ಯಾಂಪಿನವರು, ಕೊಡಗಿನ ಗಡಿಯ ಕಡೆಯ ಮಿಲಿಟರಿ ಕುಟುಂಬದವರು, ಅಪರೂಪಕ್ಕೆ ಹೊಗೆಸೊಪ್ಪಿನ ವ್ಯಾಪಾರದವರು ಅವರ ಗಿರಾಕಿಗಳು. ಹಾಗಾಗಿ ಬೋರ್ಡಿನ ಮೇಲೊಂದು ವಿಮಾನ ಬೇಕಾಯಿತು. ಲಾರಿ ಬಸ್ಸುಗಳಿಗೆ ಚಿತ್ರ ಬರೆಯುವವನೊಬ್ಬನನ್ನು ಕರೆತಂದು ಬರೆಸಿದರು. ಅವನು ವಿಮಾನದ ಮೂತಿಗೆ ಒಂದು ನಿಂಬೆಹಣ್ಣು, ಎರಡು ಮೆಣಸಿನಕಾಯಿ ಕಟ್ಟಿಬಿಟ್ಟಿದ್ದ. ಅಳಿಸಿ ಎಂದವರಿಗೆ ಇವರು ಹೇಳುತ್ತಿದ್ದುದು ಒಂದೇ ಮಾತು: "ಇರ್ಲಿ ಬುಡಿ, ಅದ್ಕೂ ದೃಷ್ಟಿ ಆಯ್ತದೆ."

ಸ್ವತಃ ಅವರು ವಿಮಾನ ಹತ್ತಿದವರಲ್ಲ. ಬೂತು ಇಡುವ ಮೊದಲು ಬಹುಕಾಲ ಲಾರಿ ಓಡಿಸಿದವರು. ಹುಣಸೂರಿನಿಂದ ಮರ, ಹೊಗೆಸೊಪ್ಪು ಹೇರಿಕೊಂಡು ನಾಗಪುರ, ದೆಹಲಿಯವರೆಗೆ ಹೋಗಿಬಂದವರು. ಡ್ರೈವರ್ ಹಿಂದಿ ಚೆನ್ನಾಗಿ ಬರುತ್ತಿತ್ತು. ಸಕ್ಕರೆ ಕಾಯಿಲೆಯಿಂದ ದೃಷ್ಟಿ ಕುಂದಿದಾಗ ಸ್ಟೇರಿಂಗ್ ಬಿಟ್ಟು ಟೆಲಿಫೋನು ಹಿಡಿದರು.

ಅವರಿಗೆ ಮಂಜೆಂದರೆ ಭಯವಿತ್ತು. ಅದಕ್ಕೊಂದು ಕಾರಣವೂ ಇತ್ತು. ಒಂದು ಮಾಗಿಯ ಬೆಳಗ್ಗೆ ಕಟ್ಟೆಮಳಲವಾಡಿಯ ಹತ್ತಿರ, ಬಾಗಿಲು ತೆರೆದು ತಲೆ ಹೊರಗೆ ಹಾಕಿ, ರಸ್ತೆಯ ಅಂಚನ್ನೇ ನೋಡುತ್ತ ಲಾರಿ ಓಡಿಸುತ್ತಿದ್ದರಂತೆ. ಮಂಜು ಹರಿದಾಗ ನೋಡಿದರೆ ಲಾರಿ ಕೊಯ್ದ ಗದ್ದೆಯೊಳಗೆ ನಿಂತಿದೆ. ರಸ್ತೆ ತಾವು ತಿಳಿದಿದ್ದ ಕಡೆಗಲ್ಲದೆ ಇನ್ನೊಂದು ಕಡೆಗಿದೆ. ರಸ್ತೆಯನ್ನು ಯಾವಾಗ ದಾಟಿದೆನೋ ನನಗೆ ಇವತ್ತಿಗೂ ತಿಳಿಯದು ಎನ್ನುತ್ತಿದ್ದರು. ಯಾರಿಗೂ ಏನೂ ಆಗಲಿಲ್ಲ. ಆದರೆ ಅಲ್ಲಿಂದಾಚೆಗೆ ಮಂಜು ಬಿದ್ದರೆ ಅವರ ಲಾರಿ ನಿಂತುಬಿಡುತ್ತಿತ್ತು. ಉತ್ತರದಲ್ಲಿ ಮುಂದಿನ ಗಾಡಿಯ ಕೆಂಪು ದೀಪ ಹಿಡಿದು ಸಾಲಾಗಿ ಹೋಗುವ ಲಾರಿಗಳನ್ನು ಕಂಡರೆ, ಮುಂದಿನವನು ಬಾವಿಗೆ ಬಿದ್ದರೆ ಹಿಂದಿನವರೂ ಬಾವಿಗೇ ಎಂದುಕೊಂಡು ತಾವು ಢಾಬಾದಲ್ಲಿ ಚಹಾ ಕುಡಿಯುತ್ತ ಕೂರುತ್ತಿದ್ದರಂತೆ.

ನಾನು ಹೋದ ಎರಡನೆಯ ವರ್ಷದ ಮಾಗಿಯಲ್ಲಿ ಆ ಪ್ರಸಂಗ ನಡೆಯಿತು.

ಬೆಟ್ಟದಪುರದ ಹತ್ತಿರದ ಹಳ್ಳಿಯೊಂದರಿಂದ ಮಿಲಿಟರಿಗೆ ಸೇರಿದ್ದವನೊಬ್ಬ ಉತ್ತರದಲ್ಲೆಲ್ಲೋ ಇದ್ದ. ಮನೆಯಲ್ಲಿ ಫೋನಿಲ್ಲ. ಹಾಗಾಗಿ ಬೂತಿನ ನಂಬರನ್ನೇ ಕೊಟ್ಟಿದ್ದ. ಅಂಥ ಎಷ್ಟೋ ಮನೆಗಳಿಗೆ ಆ ಬೂತೇ ಫೋನು. ಒಂದು ದಿನ ಅವನ ರೆಜಿಮೆಂಟಿನಿಂದ ಕರೆ ಬಂತು. ಗಾಡಿ ಮಗುಚಿ ಪೆಟ್ಟಾಗಿದೆ, ದೆಹಲಿಯ ಮಿಲಿಟರಿ ಆಸ್ಪತ್ರೆಗೆ ತಂದಿದ್ದೇವೆ, ಮನೆಯವರು ಬೇಗ ಬಂದರೆ ಒಳ್ಳೆಯದು ಎಂದರು. ಇವರು ಬೂತಿಗೆ ಬೀಗ ಹಾಕಿ, ಮೊಪೆಡ್ಡಿನಲ್ಲಿ ಆ ಹಳ್ಳಿಗೆ ಹೋಗಿ ತಾವೇ ಸುದ್ದಿ ಹೇಳಿದರು. ರೈಲಿಗೆ ಕಾಯುವ ಹೊತ್ತಲ್ಲ ಎಂದು ತಾವೇ ಅವನ ಹೆಂಡತಿಗೂ ತಮ್ಮನಿಗೂ ವಿಮಾನದ ಟಿಕೆಟ್ಟು ಮಾಡಿಸಿ, ಬೆಂಗಳೂರಿನ ಬಸ್ಸು ಹತ್ತಿಸಿದರು. ಹೋಗುವಾಗ ಆ ಹೆಣ್ಣುಮಗಳ ಕೈಗೆ ಬೂತಿನ ನಂಬರಿದ್ದ ಚೀಟಿ ಕೊಟ್ಟು, ಏನಾದರೂ ತೊಂದರೆಯಾದರೆ ಫೋನ್ ಮಾಡು ಎಂದರು.

ಮಾರನೆಯ ದಿನ ನಾವು ಬ್ಯಾಂಕಿನಲ್ಲಿ ಕೌಂಟರು ತೆರೆಯುತ್ತಿದ್ದಾಗ ಅವರು ಬಂದು, ಸ್ವಲ್ಪ ಬನ್ನಿ ಎಂದು ನನ್ನನ್ನು ಕರೆದರು. ಬೂತಿನಲ್ಲಿ ಫೋನ್ ಲೈನಿನ ಮೇಲಿತ್ತು. ಆ ತುದಿಯಲ್ಲಿ ಆ ಹೆಣ್ಣುಮಗಳ ಮೈದುನ. ದೆಹಲಿಯಲ್ಲಿ ಮಂಜಂತೆ, ವಿಮಾನ ಇಳಿಯಲಾಗದೆ ತಮ್ಮನ್ನು ಜೈಪುರವೆಂಬ ಊರಿಗೆ ತಂದಿಳಿಸಿದ್ದಾರೆ, ಯಾವಾಗ ಹೊರಡುತ್ತದೋ ಯಾರೂ ಹೇಳುತ್ತಿಲ್ಲ ಎಂದು ಅವನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದ. ಜೊತೆಯಲ್ಲಿದ್ದ ಮೈಸೂರಿನವರೊಬ್ಬರು ಮತ್ತೆ ಮೂವರು ಸೇರಿ ಟ್ಯಾಕ್ಸಿ ಮಾಡಿದ್ದಾರೆ, ರಸ್ತೆಯಲ್ಲಿ ಹೋದರೆ ಮಧ್ಯಾಹ್ನ ಕಳೆಯುವುದರೊಳಗೆ ದೆಹಲಿ ಎನ್ನುತ್ತಿದ್ದಾರೆ, ನಮಗೂ ಜಾಗವಿದೆ, ಹೋಗಿಬಿಡಲಾ ಎಂದು ಕೇಳಿದ.

ಇವರು ಕೇಳಿದರು: "ಅಲ್ಲಿ ಎಂಗದೆ ಮಂಜು?"

"ಇಲ್ಲಿ ಬಿಸ್ಲು ಕಣಣ್ಣ. ಮಂಜೇ ಇಲ್ಲ."

ಇವರು ನನ್ನ ಮುಖ ನೋಡಿದರು. ನನಗೇನು ಗೊತ್ತು? ನಾನು ಭುಜ ಕುಣಿಸಿದೆ. ಅವರು ಟವಲಿನಿಂದ ಮುಖ ಒರೆಸಿಕೊಂಡರು. ಆಮೇಲೆ ಹೇಳಿದರು: "ಬ್ಯಾಡ ಕಣಪ್ಪ. ವಿಮಾನದೋನೇ ಎದ್ರುಕಂಡವ್ನೆ ಅಂದ್ರೆ ಮುಂದೆ ರೋಡ್ನಲ್ಲಿ ಏನ್ ಕಂಡಾನು? ಎಣ್ಣುಮಗಳು ಜೊತೇಲವ್ಳೆ. ಅಲ್ಲೇ ಕೂತ್ಕಳಿ."

ಅತ್ತಿಗೆ ಮೈದುನ ಇಬ್ಬರೂ ಅಲ್ಲೇ ಕೂತರು. ವಿಮಾನ ಹೊರಟಿದ್ದು ಸಂಜೆಗೆ. ಆಸ್ಪತ್ರೆ ಸೇರುವ ಹೊತ್ತಿಗೆ ದೀಪ ಹಚ್ಚಿದ್ದರು. ಆ ಸಿಪಾಯಿ ಮಧ್ಯಾಹ್ನದ ಇಳಿಹೊತ್ತಿನಲ್ಲೇ ತೀರಿಕೊಂಡಿದ್ದ. ಟ್ಯಾಕ್ಸಿಯಲ್ಲಿ ಹೋದ ಮೈಸೂರಿನವರು ಒಳ್ಳೆಯ ಮನುಷ್ಯ. ಹಿಂದುಳಿದ ಇಬ್ಬರೂ ಏನಾದರೋ ಎಂದು ಹುಡುಕಿಕೊಂಡು ಮಾರನೆಯ ದಿನ ಆಸ್ಪತ್ರೆಗೇ ಬಂದರಂತೆ. ನಾವು ಊಟದ ಹೊತ್ತು ಕಳೆಯುತ್ತಲೇ ತಲುಪಿದೆವು ಎಂದು ಅವರು ಹೇಳಿದ್ದು ಮೈದುನನ ಎದೆಯಲ್ಲಿ ಹಾಗೇ ಕೂತುಬಿಟ್ಟಿತು.

ಕಾರ್ಯಗಳೆಲ್ಲ ಮುಗಿದ ಮೇಲೆ ಅವನು ಬೂತಿಗೆ ಬಂದ. ನಾನು ಅಲ್ಲೇ ಇದ್ದೆ. ಜಗಳಕ್ಕೆ ಬಂದನೇನೋ ಎಂದುಕೊಂಡೆ. ಅವನು ಬಾಗಿಲಲ್ಲೇ ನಿಂತು, ದನಿ ಏರಿಸದೆ, "ಟ್ಯಾಕ್ಸೀಲಿ ಓಗಿದ್ರೆ ಸಿಕ್ತಿದ್ರು ಕಣಣ್ಣ" ಎಂದು ಹೇಳಿ ಹೊರಟುಹೋದ. ಬೈದಿದ್ದರೆ ಚೆನ್ನಾಗಿತ್ತು ಎಂದು ನನಗೇ ಅನ್ನಿಸಿತು.

ಬೂತು ಕೆಲವು ದಿನ ಮುಚ್ಚಿತ್ತು. ಮತ್ತೆ ತೆರೆದ ದಿನ ಸಂಜೆ ನಾನು ಮಾತು ಮುಗಿಸಿ ಹೊರಬಂದಾಗ ಅವರು ಕೇಳಿದರು: "ಸಾರ್, ಮಂಜು ಬಿದ್ರೆ ವಿಮಾನ ಯಾಕೆ ಇಳಿಯಾಕಿಲ್ಲ?"

ಕಾಣುವುದಿಲ್ಲವಲ್ಲ, ಅದಕ್ಕೆ ಎಂದೆ.

"ಮ್ಯಾಲೆ ಮೋಡದೊಳ್ಗೇ ಓಯ್ತದಲ್ಲ ಸಾ. ಆವಾಗೇನು ಕಾಣ್ತದೆ?"

ವಿಮಾನ ಮೋಡದೊಳಗೆ ನುಗ್ಗುವುದನ್ನು ಎಲ್ಲರೂ ಕಂಡಿದ್ದೇವೆ. ಅಲ್ಲಿ ಹೆದರದವನು ಇಲ್ಲಿ ಯಾಕೆ ಹೆದರುತ್ತಾನೆ? ಆ ಪ್ರಶ್ನೆ ನನಗೂ ಅಂಟಿಕೊಂಡಿತು. ಅವರಿಗಂತೂ ಅದು ಊಟ, ನಿದ್ದೆಗಳ ಜೊತೆಗಿನ ಒಂದು ಕೆಲಸವೇ ಆಗಿಹೋಯಿತು. ಟಿಕೆಟ್ಟಿಗೆ ಬಂದವರನ್ನೆಲ್ಲ ಕೇಳಿದರು. ಬಹಳ ಜನ ಗೊತ್ತಿರುವವರಂತೆ ಏನೇನೋ ಹೇಳಿದರು. ಮಂಜಿನ ನೀರು ಇಂಜಿನ್ನಿಗೆ ಹೋಗಿ ಕೆಡುತ್ತದೆ ಎಂದರು ಒಬ್ಬರು. ರೆಕ್ಕೆಗೆ ಗಾಳಿ ಸಿಗುವುದಿಲ್ಲ ಎಂದರು ಇನ್ನೊಬ್ಬರು. ಇವರು ಎಲ್ಲವನ್ನೂ ಕೇಳಿಸಿಕೊಂಡು, ಅವರು ಹೋದ ಮೇಲೆ ತಲೆಯಾಡಿಸಿ, "ಗೊತ್ತಿಲ್ಲ ಅನ್ನಾಕೆ ನಮ್ ಜನಕ್ಕೆ ಭಾಳ ಕಷ್ಟ ಸಾ" ಎನ್ನುತ್ತಿದ್ದರು.

ಕುಶಾಲನಗರದ ದಾರಿಯಲ್ಲಿ ತೋಟ ಮಾಡಿಕೊಂಡು ವಾಯುಪಡೆಯ ನಿವೃತ್ತ ಅಧಿಕಾರಿಯೊಬ್ಬರಿದ್ದರು. ಬಿಳಿಯ ಮೀಸೆ, ಮಿತ ಮಾತು. ಮಗಳಿಗೆ ಫೋನ್ ಮಾಡಲು ಬಂದವರನ್ನು ಇವರು ಬಿಡಲಿಲ್ಲ. ಮೊದಲು ಅವರಿಗೆ ಇದೇನು ವಿಚಾರಣೆ ಎನ್ನಿಸಿರಬೇಕು. ಆಮೇಲೆ ಇವರ ಪ್ರಶ್ನೆಯ ಬಿಸಿ ತಾಕಿ, ಕಾಫಿ ತರಿಸಿಕೊಂಡು ಕೂತೇ ಹೇಳಿದರು. ನಾನೂ ಪಕ್ಕದಲ್ಲಿ ನಿಂತು ಕೇಳಿದೆ.

ಆಕಾಶದಲ್ಲಿ ವಿಮಾನಕ್ಕೆ ಏನೂ ಕಾಣಬೇಕಾಗಿಲ್ಲ ಎಂದರು ಅವರು. ಅಲ್ಲಿ ಮೀಟರುಗಳೇ ಕಣ್ಣು. ಇಳಿಯುವಾಗಲೂ ನೆಲದಿಂದ ರೇಡಿಯೋ ಕಿರಣವೊಂದು ಹೊರಟು, ಅದರ ಗೆರೆ ಹಿಡಿದೇ ವಿಮಾನ ಓರೆಯಾಗಿ ಕೆಳಗೆ ಬರುತ್ತದೆ. ಆದರೆ ಒಂದು ಎತ್ತರಕ್ಕೆ ಬಂದಾಗ ಪೈಲಟ್ ತಲೆಯೆತ್ತಿ ಕಣ್ಣಿನಿಂದಲೇ ರನ್‌ವೇಯ ದೀಪಗಳನ್ನು ಕಾಣಬೇಕು. ಕಂಡರೆ ಇಳಿಯಬಹುದು. ಕಾಣದಿದ್ದರೆ, ಇನ್ನೊಂದು ಚೂರು ನೋಡೋಣ ಎನ್ನುವಂತಿಲ್ಲ. ಅಲ್ಲಿಂದಲೇ ಮತ್ತೆ ಏರಿಬಿಡಬೇಕು. ಏನೂ ಕಾಣದಿದ್ದರೂ ಇಳಿಸುವ ಯಂತ್ರಗಳು ಬಂದಿವೆ, ಆದರೆ ಯಂತ್ರ ವಿಮಾನ ನಿಲ್ದಾಣದಲ್ಲೂ ಇರಬೇಕು, ವಿಮಾನದಲ್ಲೂ ಇರಬೇಕು, ಪೈಲಟ್ಟಿಗೂ ಅದರ ತರಬೇತಿ ಆಗಿರಬೇಕು. ಮೂರರಲ್ಲಿ ಒಂದಿಲ್ಲದಿದ್ದರೂ ಉಳಿದೆರಡು ಇದ್ದು ಪ್ರಯೋಜನವಿಲ್ಲ. ಜೊತೆಗೆ ಎಣ್ಣೆಯ ಲೆಕ್ಕ. ಮಂಜು ಹರಿದೀತೆಂದು ಮೇಲೆ ಸುತ್ತುತ್ತಿರಬಹುದು. ಆದರೆ ಇನ್ನೊಂದು ಊರಿಗೆ ಹೋಗಿ ಇಳಿಯುವಷ್ಟು ಎಣ್ಣೆ ಉಳಿದಿರುವಾಗಲೇ ಆ ಕಡೆಗೆ ತಿರುಗಲೇಬೇಕು.

ಅವರು ಎದ್ದು ನಿಂತಾಗ ಇವರು, ಜೈಪುರದಲ್ಲಿ ಕಾಯುತ್ತಿದ್ದ ಇಬ್ಬರ ಕಥೆ ಹೇಳಿ, ನಾನು ಹೇಳಿದ್ದು ಸರಿಯೋ ತಪ್ಪೋ ಎಂದು ಕೇಳಿದರು. ಸರಿಯಾಗೇ ಹೇಳಿದಿರಿ, ಮಂಜಿನಲ್ಲಿ ವಿಮಾನಕ್ಕಿಂತ ರಸ್ತೆಯೇ ಅಪಾಯ ಎಂದರು ಅಧಿಕಾರಿ. ಅವರ ಜೀಪು ಮರೆಯಾಗುವವರೆಗೆ ನೋಡುತ್ತಿದ್ದು ಇವರು ನನಗೆ ಹೇಳಿದರು: "ಆದ್ರೂ ಟ್ಯಾಕ್ಸಿಯೋರು ತಲ್ಪುದ್ರಲ್ಲ ಸಾ."

ಹಾಗೆಂದು ಒಳಗೆ ಹೋಗಿ ರಿಸೀವರನ್ನು ಟವಲಿನಿಂದ ಒರೆಸತೊಡಗಿದರು.

ಮುಂದಿನ ಮಾಗಿಯಲ್ಲಿ ಅವರು ಬೆಂಗಳೂರಿನಲ್ಲಿದ್ದ ಅಕ್ಕನ ಮಗನ ಮನೆಗೆ ಹೋಗಿ ಬಂದರು. ಹೋದದ್ದು ನೆಂಟಸ್ತಿಕೆಗಲ್ಲ, ವಿಮಾನ ನಿಲ್ದಾಣದ ಬೇಲಿಯ ಹೊರಗೆ ನಿಂತು ನೋಡಲು. ಬೆಳಗ್ಗೆ ಮಬ್ಬು ಮಂಜಿದ್ದಾಗ ಬೇಲಿ ಹಿಡಿದು ನಿಂತರಂತೆ. ಒಂದು ವಿಮಾನ ಬರುವ ಸದ್ದು ಕೇಳಿತು. ಸದ್ದು ಹತ್ತಿರವಾಯಿತು, ಕೆಳಗಾಯಿತು, ಇನ್ನೇನು ತಲೆಯ ಮೇಲೇ ಎನ್ನುವಷ್ಟಾಯಿತು. ಏನೂ ಕಾಣದು. ಇದ್ದಕ್ಕಿದ್ದಂತೆ ಇಂಜಿನ್ನು ಭೋರ್ಗರೆದು ಸದ್ದು ಮತ್ತೆ ಮೇಲೇರಿ ದೂರವಾಯಿತು. ಅದನ್ನು ಹೇಳುವಾಗ ಅವರು ಕೈಯನ್ನು ಓರೆಯಾಗಿ ಇಳಿಸಿ, ಮೇಜಿಗೆ ತಾಗುವಷ್ಟರಲ್ಲಿ ಸರಕ್ಕನೆ ಎತ್ತಿ ತೋರಿಸುತ್ತಿದ್ದರು. "ಬಂತು, ನೋಡ್ತು, ಕಾಣ್ನಿಲ್ಲ, ಎದ್ದೋಯ್ತು. ಆ ಮಿಲಿಟ್ರಿಯೋರು ಏಳಿದ್ದು ದಿಟ ಕಣ್ ಸಾ." ಆ ವಾರವೆಲ್ಲ ಅವರು ಬಂದವರಿಗೆಲ್ಲ ಕೈ ಇಳಿಸಿ ಎತ್ತಿ ತೋರಿಸಿದ್ದೇ ತೋರಿಸಿದ್ದು.

ಆದರೆ ಒಂದು ಪ್ರಶ್ನೆ ಹೋದರೆ ಇನ್ನೊಂದು ಹುಟ್ಟುತ್ತಿತ್ತು. ಮಂಜು ಇರುವುದು ಬೆಳಗ್ಗೆ ಮಾತ್ರ. ಹಾಗಾದರೆ ಸಂಜೆಯವರೆಗೂ ವಿಮಾನಗಳು ತಡವಾಗುವುದೇಕೆ? ದೆಹಲಿಯಲ್ಲಿ ಮಂಜಾದರೆ ಬಿಸಿಲಿರುವ ಬೆಂಗಳೂರಿನಲ್ಲಿ ಜನ ಕಾಯುವುದೇಕೆ? ಇದಕ್ಕೆ ಉತ್ತರ ಸಿಕ್ಕಿದ್ದು ಕೆ.ಆರ್. ನಗರದ ಒಂದು ಮದುವೆಯಲ್ಲಿ. ಹುಡುಗಿಯ ಸೋದರಮಾವ ವಿಮಾನ ನಿಲ್ದಾಣದ ಟವರಿನಲ್ಲಿ ಕೆಲಸ ಮಾಡುವವನೆಂದು ಹೇಗೋ ಪತ್ತೆಹಚ್ಚಿ, ಊಟಕ್ಕೆ ಅವನ ಪಕ್ಕದಲ್ಲೇ ಎಲೆ ಹಿಡಿದರು. ಅವರ ಈ ಕಡೆಗೆ ನಾನು ಕೂತಿದ್ದೆ. ಆ ಮನುಷ್ಯ ಬಹಳ ಉಲ್ಲಾಸದವನು. ಬಾಳೆಲೆಯ ನಡುದಿಂಡನ್ನೇ ರನ್‌ವೇ ಮಾಡಿ, ಹುರುಳಿಕಾಯಿ ಪಲ್ಯದ ಚೂರುಗಳನ್ನು ವಿಮಾನಗಳಾಗಿ ಜೋಡಿಸಿ ತೋರಿಸಿದ.

ಬಿಸಿಲಿರುವ ದಿನ ಒಂದರ ಹಿಂದೊಂದು ವಿಮಾನ ಬೇಗ ಬೇಗ ಇಳಿಯುತ್ತದೆ. ಮಂಜಿನಲ್ಲಿ ಇಳಿದದ್ದು ರನ್‌ವೇ ಬಿಟ್ಟು ಪಕ್ಕದ ದಾರಿಗೆ ಹೋಯಿತೋ ಇಲ್ಲವೋ ಟವರಿನಲ್ಲಿರುವ ನಮಗೇ ಕಾಣುವುದಿಲ್ಲ. ಇಳಿದ ಪೈಲಟ್ಟಿಗೂ ಯಾವ ತಿರುವು ಎಂದು ಕಾಣುವುದಿಲ್ಲ. ಕೆಲವು ಸಲ ಮುಂದೆ ಜೀಪು ಕಳಿಸಿ ದಾರಿ ತೋರಿಸಬೇಕು. ಅದು ಪೂರ್ತಿ ಆಚೆಗೆ ಹೋಯಿತೆಂದು ಗೊತ್ತಾಗುವವರೆಗೆ ಇನ್ನೊಂದನ್ನು ಬಿಡುವಂತಿಲ್ಲ. ಹಾಗಾಗಿ ನಡುವಣ ಅಂತರ ಹೆಚ್ಚುತ್ತದೆ, ಆಕಾಶದಲ್ಲಿ ಸಾಲು ಬೆಳೆಯುತ್ತದೆ, ನೆಲದಲ್ಲಿ ಹೊರಡಬೇಕಾದವುಗಳ ಸಾಲೂ ಬೆಳೆಯುತ್ತದೆ. ದೆಹಲಿಯಲ್ಲಿ ನಿಂತ ವಿಮಾನವೇ ತಾನೆ ಬೆಂಗಳೂರಿಗೆ ಬಂದು ಇಲ್ಲಿನವರನ್ನು ಹತ್ತಿಸಿಕೊಳ್ಳಬೇಕಾದದ್ದು? ಬರುವುದೇ ಇಲ್ಲ ಎಂದಮೇಲೆ ಹೋಗುವುದು ಯಾವುದು? ಹೀಗೆ ಹೇಳುತ್ತ ಅವನು ಪಲ್ಯವನ್ನೆಲ್ಲ ಸಾಲು ನಿಲ್ಲಿಸಿದ್ದ. ಬಡಿಸುವವರು ಅನ್ನದ ಪಾತ್ರೆ ಹಿಡಿದು ಬಂದಾಗ ಬೂತಣ್ಣ ತಮ್ಮ ಎರಡೂ ಕೈಯನ್ನು ಅವನ ಎಲೆಗೆ ಅಡ್ಡ ಹಿಡಿದು, ವಿಮಾನ ತೆಗೆಯುವವರೆಗೆ ತಡೆಯಿರಿ ಎಂದರು. ಪಂಕ್ತಿಯವರೆಲ್ಲ ನಕ್ಕರು.

ಎದ್ದು ಕೈತೊಳೆಯುವಾಗ ಆ ಟವರಿನವನು ಒಂದು ಮಾತು ಸೇರಿಸಿದ. ಇಷ್ಟೆಲ್ಲ ಕಾಟ ಕೊಡುವ ಮಂಜು ಬಹಳ ದಪ್ಪವೇನಲ್ಲ. ಗಾಳಿಯಾಡದ ರಾತ್ರಿ ನೆಲ ತಣ್ಣಗಾಗಿ, ನೆಲಕ್ಕೆ ಅಂಟಿದ ತೇವವೇ ಮಂಜಾಗಿ ಹಾಸಿಕೊಳ್ಳುತ್ತದೆ, ಮೇಲೆ ಹೋದರೆ ಒಳ್ಳೆಯ ಬಿಸಿಲು ಎಂದ. ಬೂತಣ್ಣನವರ ತಲೆಗೆ ಅದು ಹೊಕ್ಕಿತು. ಬಸ್ಸಿನಲ್ಲಿ ಬರುವಾಗ, ಹಾಗಾದರೆ ಅದನ್ನೊಮ್ಮೆ ಮೇಲಿನಿಂದ ನೋಡಬೇಕಲ್ಲ ಎಂದರು. ವಿಮಾನ ಹತ್ತುತ್ತೀರಾ ಎಂದೆ. ನಮಗೆ ಬೆಟ್ಟವಿಲ್ಲವೇ ಎಂದರು.

ಹೀಗೆ ಒಂದು ಸೋಮವಾರ, ಯಾವುದೋ ಹಬ್ಬದ ರಜೆ, ನಾವಿಬ್ಬರೂ ಮೊದಲ ಬಸ್ಸಿನಲ್ಲಿ ಬೆಟ್ಟದಪುರಕ್ಕೆ ಹೋದೆವು. ಮಂಜೆಂದರೆ ಮಂಜು. ಬಸ್ಸಿನಿಂದ ಇಳಿದವರಿಗೆ ಬಸ್ಸೇ ಕಾಣಲಿಲ್ಲ. ಬೆಟ್ಟದ ಬುಡದ ಮೆಟ್ಟಿಲನ್ನು ಕೈಯಿಂದ ತಡವಿಕೊಂಡು ಹತ್ತತೊಡಗಿದೆವು. ಅವರಿಗೆ ಮಂಡಿ ನೋವು. ಅಲ್ಲಲ್ಲಿ ಕೂತು ಏಳುತ್ತಿದ್ದರು. ಕೂತಾಗಲೆಲ್ಲ ಕೈ ಚಾಚಿ, ಬೆರಳು ಎಲ್ಲಿಯವರೆಗೆ ಕಾಣುತ್ತದೆಂದು ನೋಡಿಕೊಳ್ಳುತ್ತಿದ್ದರು.

ಹತ್ತುತ್ತ ಹತ್ತುತ್ತ ಮಂಜು ಬೆಳ್ಳಗಾಯಿತು, ಆಮೇಲೆ ಹಳದಿಯಾಯಿತು, ನೋಡುತ್ತಿದ್ದಂತೆಯೇ ನಮ್ಮ ತಲೆ ಅದರಿಂದ ಹೊರಗೆ ಬಂತು. ನೆತ್ತಿಯ ಮೇಲೆ ನೀಲಿ ಆಕಾಶ, ಎದುರಿಗೆ ಬಿಸಿಲು. ಕೆಳಗೆ ಹೊಲ, ಕೆರೆ, ಹೊಗೆಸೊಪ್ಪು ಒಣಗಿಸುವ ಬ್ಯಾರನ್ ಮನೆ, ಊರು ಒಂದೂ ಇಲ್ಲ. ದಿಗಂತದವರೆಗೆ ಅರಳೆ ಹಾಸಿದ ಹಾಗೆ. ಆ ಬಿಳುಪಿನ ಅಡಿಯಿಂದ ಕೋಳಿ ಕೂಗಿದ್ದು, ಬಸ್ಸಿನ ಹಾರನ್ನು, ಯಾರೋ ಯಾರನ್ನೋ ಕರೆದದ್ದು ಸ್ಪಷ್ಟವಾಗಿ ಕೇಳುತ್ತಿತ್ತು. ಅವರು ಒಂದು ಬಂಡೆಯ ಮೇಲೆ ಕೂತು ನೋಡಿದರು.

ಆಗ ಹಿಂದಿನಿಂದ ಹೂವಿನ ಬುಟ್ಟಿ ಹಿಡಿದು ಹೆಂಗಸೊಬ್ಬಳು ಮೆಟ್ಟಿಲೇರಿ ಬಂದಳು. ನಮ್ಮನ್ನು ದಾಟಿ ಎರಡು ಹೆಜ್ಜೆ ಹೋದವಳು ನಿಂತು ತಿರುಗಿದಳು. ಅದೇ ಸಿಪಾಯಿಯ ಹೆಂಡತಿ. ಸೋಮವಾರ ಬೆಟ್ಟದ ಮೇಲಿನ ಮಲ್ಲಿಕಾರ್ಜುನನಿಗೆ ಹೂವು ತರುವುದು ಅವಳ ರೂಢಿಯಂತೆ. ಅಂಗನವಾಡಿಯಲ್ಲಿ ಕೆಲಸ ಸಿಕ್ಕಿದೆಯೆಂದು ನಾನು ಕೇಳಿದ್ದೆ. ಆ ದಿನ ಬಸ್ಸು ಹತ್ತಿಸಿದ ಮೇಲೆ ಬೂತಣ್ಣ ಅವಳನ್ನು ಕಂಡಿರಲಿಲ್ಲ. ಆ ಊರಿನ ಕಡೆಗೆ ಹೋಗುವುದನ್ನೇ ಬಿಟ್ಟಿದ್ದರು. ಅವರು ಎದ್ದು ನಿಂತರು. ಟವಲನ್ನು ಹೆಗಲಿನಿಂದ ತೆಗೆದು ಕೈಯಲ್ಲಿ ಹಿಡಿದರು.

ಅವಳೇ ಕೇಳಿದಳು: "ಇಷ್ಟೊತ್ತಿಗೇ ಬೆಟ್ಟ ಅತ್ತಿದ್ದೀರಲ್ಲಣ್ಣ, ಅರಕೆಯಾ?"

ಅವರು ನಿಧಾನವಾಗಿ, ಮಂಜು ನೋಡಲು ಬಂದೆ ಎಂದರು. ಆ ದಿನ ವಿಮಾನ ಯಾಕೆ ಇಳಿಯಲಿಲ್ಲ ಎಂದು ಆವತ್ತಿನಿಂದ ಕೇಳಿಕೊಂಡು ತಿರುಗುತ್ತಿದ್ದೇನೆ ಎಂದರು. ಅವಳು ಬುಟ್ಟಿಯನ್ನು ಮೆಟ್ಟಿಲ ಮೇಲಿಟ್ಟು ಕೂತಳು. ಹೇಳಿ ಎಂದಳು.

ಅವರು ಹೇಳಿದರು. ನೆಲ ತಣ್ಣಗಾಗುವುದು, ಕಿರಣದ ಗೆರೆ, ದೀಪ ಕಾಣಬೇಕಾದ ಎತ್ತರ, ಕಾಣದಿದ್ದರೆ ಏರುವುದು, ಎಣ್ಣೆ. ಕೈಯನ್ನು ಓರೆಯಾಗಿ ಇಳಿಸಿ ಎತ್ತಿ ತೋರಿಸಿದರು. ಅವಳು ಅವರ ಕೈಯನ್ನೇ ನೋಡುತ್ತ ಕೇಳಿದಳು. ಆಮೇಲೆ ಒಂದು ವಿಷಯ ಹೇಳಿದಳು. ಅವಳದು ಕಿಟಕಿಯ ಪಕ್ಕದ ಸೀಟು. ಹೊರಗೆ ಬಿಸಿಲು, ಕೆಳಗೆ ಇದೇ ಥರ ಬೆಳ್ಳಗೆ. ವಿಮಾನ ವಾಲಿದಾಗ ಒಂದು ಸಲ ನೇರ ಕೆಳಗೆ ತೆಳುವಾದ ಕಡೆ ಮನೆಗಳ ಸಾಲು ಕಂಡ ಹಾಗಾಯಿತು. ಅದ್ಯಾವ ಊರೋ ಎಂದುಕೊಂಡಳು. ಯಾರ ಭಾಷೆಯೂ ತಿಳಿಯದು. ದೆಹಲಿಯವರೆಗೆ ಹೋಗಲೇ ಇಲ್ಲ, ದಾರಿಯಲ್ಲೇ ಬೇರೆ ಕಡೆ ತಿರುಗಿಸಿದರು ಎಂದೇ ಅವಳು ಇಷ್ಟು ದಿನ ತಿಳಿದಿದ್ದಳು.

"ಕಂಡ್ರೂ ಯಾಕೆ ಇಳೀನಿಲ್ಲ ಅಣ್ಣ?"

ಇವರು ಬಂಡೆಯ ತುದಿಗೆ ಸರಿದು, ನೇರ ಕೆಳಗೆ ಬೆರಳು ಮಾಡಿದರು. ಅಲ್ಲಿ ಮಂಜಿನ ಅಡಿಯಲ್ಲಿ ಮೆಟ್ಟಿಲ ಬುಡದ ಮಂಟಪದ ನೆರಳು ಮಸುಕಾಗಿ ತೋರುತ್ತಿತ್ತು. ಆಮೇಲೆ ಅದೇ ಬೆರಳನ್ನು ಓರೆಯಾಗಿ ದೂರಕ್ಕೆ, ಕೆರೆ ಇರಬೇಕಾದ ಕಡೆಗೆ ತಿರುಗಿಸಿದರು. ಅಲ್ಲಿ ಏನೂ ಇರಲಿಲ್ಲ. "ನೆಟ್ಟಗೆ ಬಗ್ಗಿ ನೋಡುದ್ರೆ ತೆಳ್ಳಗದೆ ಕಣವ್ವ, ಕಾಣ್ತದೆ. ವಿಮಾನ ಇಳಿಯೋದು ಓರೆಯಾಗಿ. ಓರೆಯಾಗಿ ನೋಡುದ್ರೆ ಮಂಜೇ ಉದ್ದಕ್ಕೂ. ನೀನು ಕಂಡಿದ್ದು ದಿಲ್ಲೀನೇ."

ಅವಳು ಅವರ ಮುಖ ನೋಡಿದಳು. "ದಿಲ್ಲೀನೇನಾ?"

"ದಿಲ್ಲೀನೇ ಕಣವ್ವ. ಈ ಬೆಟ್ಟದಷ್ಟೂ ದಪ್ಪ ಇರ್ನಿಲ್ಲ ನಡುವೆ."

ಅವಳು ಕೆಳಗಿನ ಬಿಳುಪನ್ನು ನೋಡಿದಳು. ಅದರೊಳಗೆಲ್ಲೋ ಅವಳ ಮನೆಯೂ ಇತ್ತು. ಕಣ್ಣು ತುಂಬಿದರೂ ಅವಳು ಒರೆಸಿಕೊಳ್ಳಲಿಲ್ಲ.

"ಬೆಳಗ್ಗೆ ಅವ್ರು ಇನ್ನೂ ಇದ್ರು" ಎಂದಳು. "ಅಂಗಾದ್ರೆ ನಾನು ಅವ್ರ ತಾವ್ಕೇ ಓಗಿದ್ದೆ."

ಬೂತಣ್ಣ ಹೌದೆಂದು ತಲೆಯಾಡಿಸಿದರು. ಅವರಿಗೂ ಅದು ಆಗಷ್ಟೇ ಹೊಳೆದಿರಬೇಕು. ಇಷ್ಟು ಜನರನ್ನು ಇಷ್ಟೆಲ್ಲ ಕೇಳಿದವರು ಅದೊಂದನ್ನು ಯೋಚಿಸಿರಲಿಲ್ಲ, ನಾನೂ ಯೋಚಿಸಿರಲಿಲ್ಲ.

"ಎಷ್ಟೊತ್ತು ಸುತ್ತಿರ್ಬೋದಣ್ಣ, ಅಲ್ಲೇ ಮ್ಯಾಲೆ?"

"ಎಣ್ಣೆ ಇರೋಗಂಟ ಸುತ್ತಿರ್ತಾನೆ ಕಣವ್ವ. ಅಷ್ಟು ದೂರ ಬಂದು, ತಿರುಗಿ ಓಗಾಕೆ ಯಾವೋನ್ಗೂ ಮನಸ್ಸು ಬರಾಕಿಲ್ಲ."

ಅವಳು ಬುಟ್ಟಿ ಎತ್ತಿಕೊಂಡು ನಿಂತು, ಪೂಜೆ ಮುಗಿಸಿ ಬರುತ್ತೇನೆ, ನೀವಿಬ್ಬರೂ ಮನೆಗೆ ಬಂದು ಊಟ ಮಾಡಿಕೊಂಡೇ ಹೋಗಬೇಕು, ಮೈದುನನೂ ಮನೆಯಲ್ಲಿದ್ದಾನೆ, ಅವನಿಗೂ ಇದನ್ನು ನೀವೇ ಹೇಳಬೇಕು ಎಂದಳು. ಬೂತಣ್ಣ ಆಗಲಿ ಎಂದರು. ಅವಳು ಮೆಟ್ಟಿಲೇರಿ ಹೋದಳು. ಕೆಳಗೆ ಬಿಸಿಲಿಗೆ ಮಂಜು ಹರಿಯತೊಡಗಿ ಮೊದಲು ತೆಂಗಿನ ತಲೆಗಳು, ಆಮೇಲೆ ಮನೆಯ ಹೆಂಚುಗಳು ಒಂದೊಂದಾಗಿ ಕಾಣಿಸಿಕೊಂಡವು. ಅವಳ ಮನೆ ಯಾವುದಿರಬಹುದೆಂದು ಹುಡುಕುತ್ತ ನಾವು ಅಲ್ಲೇ ಕೂತಿದ್ದೆವು.